ಸೋರೆಬಳ್ಳಿಯ ಕೆಳಗಿನ ಲೋಡರ್

ಅಕ್ಟೋಬರ್ ೧೪, ಮಂಗಳವಾರ

ಲೋಡರ್ ಸಿಕ್ಕಿತು, ಮನೆಗೆ ಮಾತ್ರ ಬಂದಿಲ್ಲ.

ಅಪ್ಪನ ಹಳೆಯ ಟ್ರ್ಯಾಕ್ಟರಿನ ಮುಂದೆ ಕೂರಿಸಿ ಹುಲ್ಲು ಎತ್ತುವ ಲೋಡರಿಗಾಗಿ ನಾನು ಅಲೆಯದ ಗುಜರಿ ಅಂಗಡಿಯಿಲ್ಲ. ನೋಡಲು ಎಲ್ಲವೂ ಒಂದೇ ಥರ. ಆದರೆ ನಮ್ಮದಕ್ಕೆ ಹೊಂದಬೇಕಾದರೆ ಪಿನ್ನು ತೂರಿಸುವ ಕಡೆ ಮೂರು ತೂತು ಇರಬೇಕು. ಇಷ್ಟು ದಿನ ಕಂಡದ್ದೆಲ್ಲ ಎರಡು ತೂತಿನವು. ಅಷ್ಟರಲ್ಲಿ ಹುಲ್ಲು ಎತ್ತಿ ಎತ್ತಿ ಅಣ್ಣನ ಭುಜ ಸೋತುಹೋಗಿದೆ.

ಇವತ್ತು ನಮ್ಮೂರಿನ ವೆಲ್ಡರ್ ಒಬ್ಬ ಹೇಳಿದ ಮನೆಗೆ ಹೋದೆ. ಹಿತ್ತಿಲಲ್ಲಿ ಲೋಡರ್ ಕಲ್ಲುಗಳ ಮೇಲೆ ಚಪ್ಪರದಂತೆ ನಿಂತಿತ್ತು, ಮೈತುಂಬ ಸೋರೆಬಳ್ಳಿ. ಎಲೆಗಳೊಳಗೆ ಕೈ ತೂರಿಸಿ ತಡವಿದೆ. ಒಂದು, ಎರಡು, ಮೂರು. ಹೋದ ಜೀವ ಬಂದಂತಾಯಿತು.

"ತಗೊಂಡ್ಹೋಗಮ್ಮ, ಆ ಕಬ್ಬಿಣ ಕಟ್ಕೊಂಡು ನಂಗೇನಾಗ್ಬೇಕು," ಎಂದರು ಆ ಮನೆಯ ಅಜ್ಜಿ. "ಆದ್ರೆ ಬಳ್ಳಿ ಒಣಗೋವರೆಗೆ ತಡಿ. ಈಗ ತಾನೇ ಕಾಯಿ ಕಚ್ತಿದೆ."

ಆಗಲಿ ಅಜ್ಜಿ ಎಂದುಬಿಟ್ಟೆ.

ಅಣ್ಣನಿಗೆ ವಿಷಯ ಹೇಳಿದೆ. ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದವನು ನಕ್ಕ. "ವಯಸ್ಸಾದವರು, ದಿನಾ ನೀರು ಹೊತ್ತು ಹಾಕ್ತಾರಾ? ಬೇಗ ಒಣಗುತ್ತೆ ಬಿಡು."

ಹೂಂ ಎಂದೆ. ನಾನು ಅಲ್ಲಿಂದ ಹೊರಡುವಾಗ ಆ ಅಜ್ಜಿ ಒಂದು ಕೈಯಲ್ಲಿ ಮಂಡಿ, ಇನ್ನೊಂದರಲ್ಲಿ ಬಿಂದಿಗೆ ಹಿಡಿದು ನಲ್ಲಿಯ ಕಡೆ ಹೊರಟಿದ್ದರು. ಬಿಂದಿಗೆ ಇಸಿದುಕೊಂಡು ಬಳ್ಳಿಯ ಬುಡ ತೋಯುವಷ್ಟು ನೀರು ಹೊಯ್ದು ಬಂದವಳು ನಾನೇ ಎಂದು ಅವನಿಗೆ ಯಾವ ಮುಖದಲ್ಲಿ ಹೇಳಲಿ?

ನಿದ್ದೆಗೆ ಕಣ್ಣು ಎಳೆಯುತ್ತಿದೆ. ಆದರೂ, ಹಗಲು ಇಷ್ಟು ಬಿಸಿಲಿರುತ್ತಲ್ಲ, ನಾಳೆ ಆ ಬಳ್ಳಿಗೆ ನೀರು ಯಾರು...