ಮೊಂಡಾಗದ ಚಾಕು

ಮಗಳೇ, ನಾನು ಸುಖವಾಗಿದ್ದೇನೆ, ಮಂಡಿನೋವು ನನಗಿಂತ ಸುಖವಾಗಿದೆ. ಇಲ್ಲಿ ಕೈಯಲ್ಲೇ ಚಾಕು ಬಡಿಯುವ ಕಮ್ಮಾರನೊಬ್ಬ ಸಿಕ್ಕಿದ. ಹೊಸದೊಂದು ಕೊಂಡೆ, ಬೈಯಬೇಡ. ನನ್ನ ಹಳೆಯ ಮಡಚುವ ಚಾಕು ತೋರಿಸಿ, "ಮೂವತ್ತು ವರ್ಷವಾದರೂ ಮೊಂಡಾಗಿಲ್ಲ, ಹ್ಯಾಂಡ್‌ಮೇಡ್ ಈಸ್ ಹ್ಯಾಂಡ್‌ಮೇಡ್" ಎಂದು ಜಂಬ ಕೊಚ್ಚಿದೆ.

ಆತ ಅಲಗನ್ನು ಬೆಳಕಿಗೆ ಹಿಡಿದು ನಕ್ಕ. "ಮೊಂಡಾಗದ ಚಾಕು ಎಲ್ಲಿದೆ ಯಜಮಾನ್ರೇ? ಯಾರೋ ಎಡಗೈಯವರು ವರ್ಷಗಟ್ಟಲೆ ಕಲ್ಲಿನ ಮೇಲೆ ಮಸೆದಿದಾರೆ, ಗೀರು ನೋಡಿ."

ನಮ್ಮ ಮನೆಯಲ್ಲಿ ಎಡಗೈಯವಳು ನಿನ್ನ ಅಮ್ಮ ಒಬ್ಬಳೇ. ಬದುಕಿದ್ದಷ್ಟು ದಿನ "ಕಬ್ಬಿಣದ ಹುಚ್ಚು" ಎಂದು ಬೈದವಳು, ನನಗೆ ತಿಳಿಯದಂತೆ ಮಸೆದಿಡುತ್ತಿದ್ದಳು!

"ಎರಡು ವರ್ಷದಿಂದ ಯಾರೂ ಮುಟ್ಟಿದ ಹಾಗಿಲ್ಲ, ಮಸೆದು ಕೊಡ್ಲಾ?" ಎಂದ. "ನೋ, ನೋ, ನಾಟ್ ನೆಸೆಸಿಟಿ" ಎಂದು ಕಿತ್ತುಕೊಂಡೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಸಾಣೆಯವನು ಬಂದರೆ ಬೀರುವಿನಲ್ಲಿರುವ ನನ್ನ ಹನ್ನೊಂದು ಚಾಕುಗಳಲ್ಲಿ ಒಂದನ್ನೂ ಕೊಡಬೇಡ, ಮೊಂಡಾಗಿಯೇ ಇರಲಿ.

ಅಪ್ಪ