ರೆಡ್ ಡೀರ್‌ನ ಚಪ್ಪಾಳೆ

ನ್ಯೂಕ್ಯಾಸಲ್, ವಾಷಿಂಗ್ಟನ್
ಮಂಗಳವಾರ, ೧೭ ಮಾರ್ಚ್ ೨೦೨೬

ಪ್ರೀತಿಯ ಕಶ್ಯಪ್,

ಕಾಗದ ನೋಡಿ ಗಾಬರಿಯಾಗಬೇಡ. ತನ್ಮಯಿ ಚೆನ್ನಾಗಿದ್ದಾಳೆ, ನಾನೂ ಇದ್ದೇನೆ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀನು ಒಟ್ಟಾವಾದ ಕೇಂದ್ರ ಸರ್ಕಾರವನ್ನು ಬೈಯುತ್ತ ಎಲ್ಲೋ ಹೋಗಿರುತ್ತೀಯ. ಇಮೇಲ್ ಕಳಿಸಿದರೆ ಅರ್ಧ ಓದಿ, ಉತ್ತರದ ಬದಲು ಯಾವುದೋ ವಿಡಿಯೊ ಕಳಿಸುತ್ತೀಯ. ಕೈಯಲ್ಲಿ ಬರೆದ ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಇದು. ಇವತ್ತು ರಜೆ ಹಾಕಿ ಮನೆಯಲ್ಲಿದ್ದೇನೆ.

ನೀನು ಕೇಳಿದ್ದು ಇಷ್ಟೇ. ಜೂನ್‌ನಲ್ಲಿ ಮಗಳ ಶಾಲೆ ಮುಗಿದ ಮೇಲೆ ನಾವಿಬ್ಬರೂ ಇಲ್ಲಿನ ಮನೆ ಬಿಟ್ಟು ಕೆನಡಾದಲ್ಲಿ ನೀನಿರುವ ರೆಡ್ ಡೀರ್‌ಗೆ ಬಂದುಬಿಡುತ್ತೇವಾ ಎಂದು. ಆರು ವರ್ಷ ಎರಡು ದೇಶದಲ್ಲಿ ಸಂಸಾರ ಮಾಡಿದ್ದು ಸಾಕು ಅಂದೆ. ಸಾಕು, ಒಪ್ಪುತ್ತೇನೆ. ಆದರೂ ಬರುವುದಿಲ್ಲ ಎಂದು ಬರೆಯಲು ಕುಳಿತಿದ್ದೇನೆ.

ಇಲ್ಲೇ ಪಕ್ಕದ ಬೆಲ್ವ್ಯೂನಲ್ಲಿ ನಿನ್ನ ಕೆಲಸ ಹೋಗಿ, ವೀಸಾ ಉಳಿಯದೆ, ನೀನು ಕೆನಡಾಕ್ಕೆ ಹೊರಟಾಗ ನಾವು ಜಗಳವಾಡಿರಲಿಲ್ಲ. ನನ್ನ ಕೆಲಸ ಇಲ್ಲಿತ್ತು, ಮಗು ಚಿಕ್ಕದು. ಇಬ್ಬರೂ ಒಂದೊಂದು ದೇಶದಲ್ಲಿದ್ದರೆ ಯಾವುದಾದರೂ ಒಂದು ನಮ್ಮನ್ನು ಇಟ್ಟುಕೊಂಡೀತು ಅಂದುಕೊಂಡೆವು. ಹೋದ ವರ್ಷ ನಿನಗೆ ಅಲ್ಲಿನ ಪೌರತ್ವ ಸಿಕ್ಕ ದಿನ ನಾನು ಇಲ್ಲಿ ಶಾವಿಗೆ ಪಾಯಸ ಮಾಡಿ, ಪಕ್ಕದ ಮನೆಯ ಫರೀದಾಗೂ ಕೊಟ್ಟು ಬಂದೆ. ಆ ಪೌರತ್ವ ಇಟ್ಟುಕೊಂಡು ನೀನು ಮಾಡಿದ್ದೇನು? ನೀನಿರುವ ಆಲ್ಬರ್ಟಾ ಪ್ರಾಂತ್ಯ ಕೆನಡಾದಿಂದಲೇ ಬೇರೆಯಾಗಬೇಕು ಎನ್ನುವ ಅರ್ಜಿಗೆ ಸಹಿ ಹಾಕಿದೆ. ಈಗ ಊರವರ ಸಹಿ ಕೇಳುತ್ತ ಅಂಗಡಿ ಮುಂದಿನ ಪಾರ್ಕಿಂಗ್‌ನಲ್ಲಿ ಹಿಮದ ಮೇಲೆ ನಿಲ್ಲುತ್ತೀಯಂತೆ. ಇಲ್ಲಿದ್ದಾಗ ಹಾಲು ತರಲು ಹೋಗು ಎಂದರೆ ಜಾಕೆಟ್ ಸಿಗುತ್ತಿಲ್ಲ ಎಂದು ಅರ್ಧ ಗಂಟೆ ಸತಾಯಿಸುತ್ತಿದ್ದವನು ನೀನೇ ತಾನೇ?

ಜನವರಿಯಲ್ಲಿ ನೀನು ಕಳಿಸಿದ ವಿಡಿಯೊ ನೋಡಿದೆ, ನೋಡಿಲ್ಲ ಎಂದು ನಿನಗೆ ಹೇಳಿದ್ದರೂ. ಸಭಾಂಗಣದ ತುಂಬ ಜಾಕೆಟ್ ಹಾಕಿದ ಜನ. ಮೈಕ್ ಹಿಡಿದು ನೀನು, ನಾನು ಬಂದ ರಾಜ್ಯವೂ ದುಡಿದು ರಾಜಧಾನಿಗೆ ಕಳಿಸುತ್ತದೆ, ವಾಪಸ್ ಬರುವುದು ಪುಡಿಗಾಸು, ಈ ನೋವು ನನಗೆ ಹೊಸದಲ್ಲ ಎಂದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲಸ ಹೋದಾಗಿನಿಂದ ನಿನ್ನ ಮುಖದಲ್ಲಿ ಆ ಕಳೆ ಕಂಡಿರಲಿಲ್ಲ, ಕಶ್ಯಪ್. ನನಗೆ ಅಳು ಬಂತು. ಆ ಕಳೆಯನ್ನು ತಂದುಕೊಡುವುದು ನನ್ನಿಂದ ಆಗಿರಲಿಲ್ಲ, ಅದಕ್ಕೆ ಅಳು ಬಂತು.

ಆದರೆ ನೀನು ಎಡವಿದ್ದೂ ಅಲ್ಲೇ. ಪ್ರತಿ ಬಜೆಟ್ ದಿನ ಮಾವನವರು ಜಯನಗರದ ಮನೆಯಲ್ಲಿ ಟಿವಿ ಮುಂದೆ ಕುಳಿತು ದೆಹಲಿಗೆ ಮಂಗಳಾರತಿ ಎತ್ತುವುದನ್ನು ಕೇಳುತ್ತ ಬೆಳೆದವನು ನೀನು. ಅಲ್ಲಿಗೆ ಹೋಗಿ ಒಟ್ಟಾವಾ ಎಂದರೆ ದೆಹಲಿ, ಆಲ್ಬರ್ಟಾ ಎಂದರೆ ಕರ್ನಾಟಕ, ಅವರ ತೈಲಬಾವಿ ಎಂದರೆ ನಮ್ಮ ಐಟಿ ಎಂದು ಹೊಂದಿಸಿಕೊಂಡೆ. ಮಾವನವರು "ನಾವು" ಅನ್ನುವಾಗ ನೀನು ಅದರೊಳಗೇ ಹುಟ್ಟಿದ್ದೆ, ಯಾರನ್ನೂ ಕೇಳಬೇಕಿರಲಿಲ್ಲ. ನಿನ್ನ ಬೀದಿಯ ಡ್ವೇನ್ "ನಾವು" ಅನ್ನುವಾಗಲೂ ನೀನು ಹಾಗೇ ಅಂದುಕೊಂಡೆ. ಡ್ವೇನ್ ಒಳ್ಳೆಯವನೇ. ನಿನ್ನ ಮನೆ ಮುಂದಿನ ಹಿಮ ತೆಗೆದುಕೊಡುತ್ತಾನೆ, ಮೊದಲ ಸಭೆಗೆ ಕರೆದುಕೊಂಡು ಹೋದವನೂ ಅವನೇ. ಆದರೆ ಬೆಂಗಳೂರಿನಲ್ಲಿ ಹೊರಗಿನವರು ಬಂದು ಊರು ಕೆಟ್ಟಿತು ಎಂದು ದಿನಾ ಗೊಣಗುತ್ತಿದ್ದವನಿಗೆ, ಅಲ್ಲಿ ಆ ಹೊರಗಿನವನು ತಾನೇ ಎಂದು ಹೊಳೆಯಲೇ ಇಲ್ಲವಲ್ಲ.

ಇತಿಹಾಸ ಓದು, ಆಮೇಲೆ ಮಾತಾಡು ಎಂದು ನೀನು ಫೋನ್ ಇಟ್ಟಿದ್ದೆ. ನಾನು ಲೈಬ್ರರಿಯಿಂದ ತಂದು ಓದಿದೆ. ಸಾವಿರದ ಒಂಬೈನೂರ ಇಪ್ಪತ್ತೊಂದರಲ್ಲಿ ನಿನ್ನ ಆ ಬಯಲು ಸೀಮೆಯ ರೈತರು ಎರಡೂ ಹಳೆಯ ಪಕ್ಷಗಳನ್ನು ಆಚೆ ಹಾಕಿ ತಾವೇ ಸರ್ಕಾರ ಮಾಡಿದ ಕಥೆ ನನಗೂ ಇಷ್ಟವಾಯಿತು. ಗೋಧಿಯನ್ನು ಒಟ್ಟಿಗೆ ಮಾರೋಣ, ರೈಲ್ವೆಯವರಿಗೂ ಬ್ಯಾಂಕಿನವರಿಗೂ ಜಗ್ಗುವುದು ಬೇಡ ಅಂದರು. ಓದುತ್ತ ನಾನೂ ಅವರ ಕಡೆಗೇ ಇದ್ದೆ. ಅದೇ ಸರ್ಕಾರ ಕೆಲವು ವರ್ಷ ಕಳೆದು ಇನ್ನೊಂದು ಕಾನೂನು ಮಾಡಿತು. ಬುದ್ಧಿ ಸಾಲದವರು ಎಂದು ಒಂದು ಮಂಡಳಿ ತೀರ್ಮಾನಿಸಿದವರಿಗೆ ಮಕ್ಕಳಾಗದಂತೆ ಆಪರೇಷನ್ ಮಾಡುವ ಕಾನೂನು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ನಡೆಯಿತು. ಬಡವರು, ಆ ನೆಲದ ಮೂಲನಿವಾಸಿಗಳು, ಬೇರೆ ದೇಶದಿಂದ ಬಂದು ಸರಿಯಾಗಿ ಇಂಗ್ಲಿಷ್ ಬಾರದವರ ಮಕ್ಕಳು ಅದಕ್ಕೆ ಸಿಕ್ಕಿದರು. ಆ ಪುಟ ಓದಿ ಪುಸ್ತಕ ಮುಚ್ಚಿಟ್ಟು, ಸುಮ್ಮನೆ ತನ್ಮಯಿಯ ರೂಮಿಗೆ ಹೋಗಿ ನಿಂತಿದ್ದೆ.

ಆಮೇಲೆ ಬಂದದ್ದು ಬರಗಾಲ, ಅದರ ಹಿಂದೆ ರೇಡಿಯೊದಲ್ಲಿ ಧರ್ಮೋಪದೇಶ ಮಾಡುತ್ತಿದ್ದವರ ಪಕ್ಷ. ಪ್ರತಿಯೊಬ್ಬ ವಯಸ್ಕರಿಗೂ ತಿಂಗಳಿಗೆ ಇಪ್ಪತ್ತೈದು ಡಾಲರ್ ಕೊಡುತ್ತೇವೆ ಎಂದರಂತೆ. ಜನ ಬಾಚಿ ಓಟು ಹಾಕಿದರು. ಆ ಹಣ ಬರಲಿಲ್ಲ. ಬಂದದ್ದು ವಾರವಾರ ಹಿಂಬದಿಗೆ ಸ್ಟಾಂಪ್ ಅಂಟಿಸಿದರೆ ಮಾತ್ರ ನಡೆಯುವ ಒಂದು ಥರದ ನೋಟು. ಅದನ್ನು ಮುಟ್ಟಲು ಅಂಗಡಿಯವರೇ ಹಿಂದೆಮುಂದೆ ನೋಡಿದರು. ಇಷ್ಟಾದರೂ ಆ ಪಕ್ಷ ಮೂವತ್ತಾರು ವರ್ಷ ಆಳಿತು, ಗೊತ್ತಾ? ಜನ ಬೈದದ್ದು ಮಾತು ಕೊಟ್ಟವರನ್ನಲ್ಲ, ಅಡ್ಡ ಬಂದ ಬ್ಯಾಂಕನ್ನು, ಕೋರ್ಟನ್ನು, ಒಟ್ಟಾವಾವನ್ನು. ಎಂಬತ್ತರ ದಶಕದಲ್ಲಿ ತೈಲದ ದುಡ್ಡನ್ನು ಒಟ್ಟಾವಾ ಕಿತ್ತುಕೊಂಡಿತು ಎಂಬ ಸಿಟ್ಟಿಗೆ ಇನ್ನೊಂದು ಪಕ್ಷ ಹುಟ್ಟಿ, ಪಶ್ಚಿಮದ ನಮಗೂ ಮನೆಯೊಳಗೆ ಜಾಗ ಕೊಡಿ ಎಂದಿತು. ಈಗ ನೀವು ಮನೆಯೇ ಬೇಡ ಅನ್ನುತ್ತಿದ್ದೀರಿ. ಅವರ ಸಿಟ್ಟು ಸುಳ್ಳು ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಪ್ರತಿ ಸಲವೂ ಅದಕ್ಕೆ ಕಾರಣ ಇತ್ತು. ಅದು ಕೊನೆಗೆ ಯಾರ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂಬುದೊಂದೇ ನನ್ನ ಭಯ.

ಇಲ್ಲಿ ನಾನು ಕ್ಷೇಮವಾಗಿ ಕುಳಿತು ಬುದ್ಧಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ. ನಾವು ಭಾನುವಾರ ವಾಕ್ ಹೋಗುತ್ತಿದ್ದ ಹಳೆಯ ಕಲ್ಲಿದ್ದಲು ಗಣಿಯ ದಾರಿ ನೆನಪಿದೆಯಲ್ಲ, ಅಲ್ಲಿ ಒಂದು ಕಾಲಕ್ಕೆ ಚೀನೀ ಕೂಲಿಯವರ ಬಿಡಾರಕ್ಕೆ ಬೆಂಕಿ ಹಚ್ಚಿ ಓಡಿಸಿದ್ದರಂತೆ. ನಾವು ಅಲ್ಲೇ ಕುಳಿತು ಪುಳಿಯೋಗರೆ ತಿಂದಿದ್ದೇವೆ. ಈಗಿನ ವೀಸಾ ಸುದ್ದಿಗಳನ್ನಂತೂ ನಾನು ಓದುವುದನ್ನೇ ಬಿಟ್ಟೆ. ಈ ದೇಶದಲ್ಲಿ ನನಗೆ ಓಟಿಲ್ಲ, ನಿನ್ನ ದೇಶದಲ್ಲೂ ಇಲ್ಲ. ಇರುವ ಒಂದು ಓಟು ಹಾಕಲು ವಿಮಾನ ಹತ್ತಿ ಬಸವನಗುಡಿಗೆ ಹೋಗಬೇಕು.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಕ್ರಿಸ್ಮಸ್ ರಜೆಗೆ ತನ್ಮಯಿ ನಿನ್ನ ಹತ್ತಿರ ಬಂದಾಗ ಅವಳನ್ನೂ ಒಂದು ಸಭೆಗೆ ಕರೆದುಕೊಂಡು ಹೋಗಿದ್ದೆಯಲ್ಲ. ವಾಪಸ್ ಬಂದು ಎಷ್ಟೋ ದಿನದ ಮೇಲೆ ಒಂದು ಸಂಜೆ ಕಾರಿನಲ್ಲಿ ಬಾಯಿಬಿಟ್ಟಳು. ಅಲ್ಲಿ ಒಬ್ಬ ಅಜ್ಜಿ ಅವಳಿಗೆ ಬಿಸ್ಕತ್ತು ಕೊಟ್ಟು, ಹೊರಗಿನಿಂದ ಬಂದವರಲ್ಲಿ ನಿಮ್ಮಪ್ಪ ಒಳ್ಳೆಯವರ ಪೈಕಿ ಎಂದು ಹೇಳಿದರಂತೆ. ವೇದಿಕೆಯ ಮೇಲಿದ್ದವರು, ತಾತ್ಕಾಲಿಕವಾಗಿ ಬಂದವರಿಂದಲೇ ನಮ್ಮ ಆಸ್ಪತ್ರೆ ತುಂಬಿತು, ಶಾಲೆ ತುಂಬಿತು, ಅವರನ್ನು ವಾಪಸ್ ಕಳಿಸಬೇಕು ಎಂದರಂತೆ. "ಅಮ್ಮಾ, ಎವ್ರಿಬಡಿ ಕ್ಲ್ಯಾಪ್ಡ್. ಅಪ್ಪ ಕ್ಲ್ಯಾಪ್ಡ್ ಟೂ" ಎಂದಳು. ಮತ್ತೆ, "ಆರ್ ವೀ ಟೆಂಪರರಿ?" ಎಂದು ಕೇಳಿದಳು. "ಅದೆಲ್ಲಾ ಆಮೇಲೆ ಮಾತಾಡೋಣ ಪುಟ್ಟಿ, ಈಗ ಡ್ರೈವ್ ಮಾಡ್ತಿದೀನಿ" ಅಂದೆ. ಆ ಆಮೇಲೆ ಇನ್ನೂ ಬಂದಿಲ್ಲ.

ನಿನ್ನ ಮೇಲೆ ಕೂಗಾಡಬೇಕು ಎಂದಿದ್ದೆ. ಆಗಲಿಲ್ಲ. ಸಭೆಯಲ್ಲಿ ಎಲ್ಲರೂ ತಟ್ಟುವಾಗ ನಿನ್ನ ಕೈ ತಾನಾಗಿಯೇ ತಟ್ಟಿರುತ್ತದೆ, ನನಗೆ ಗೊತ್ತು. ಅಷ್ಟು ವರ್ಷ ಒಂಟಿಯಾಗಿದ್ದವನಿಗೆ ಒಂದು ಗುಂಪು ಸಿಕ್ಕಿತು. ಅದನ್ನು ಬಿಟ್ಟು ಬಾ ಎಂದರೆ ನಾನು ನಿನಗೆ ಬದಲಿಗೆ ಏನು ಕೊಡಲಿ? ತನ್ಮಯಿಯನ್ನು ಆ ಗುಂಪಿನ ನಡುವೆ ತಂದು ಕೂರಿಸುವುದೂ ನನ್ನಿಂದಾಗದು. ಅದಕ್ಕೇ ಬರುವುದಿಲ್ಲ ಎನ್ನುತ್ತಿದ್ದೇನೆ. ನಿನ್ನ ಮೇಲಿನ ಪ್ರೀತಿ ಕಡಿಮೆಯಾಗಿ ಅಲ್ಲ.

ನಾಡಿದ್ದು ಯುಗಾದಿ, ಅದರ ಮಗ್ಗುಲಲ್ಲೇ ಫರೀದಾ ಮನೆಯಲ್ಲಿ ಈದ್. ಅವಳು ಉಪವಾಸವಿದ್ದುಕೊಂಡೇ ಒಂದು ತಿಂಗಳಿಂದ ತನ್ಮಯಿಯನ್ನು ಶಾಲೆಯ ಬಸ್‌ನಿಂದ ಕರೆತಂದು, ನನಗೂ ಊಟ ಇಟ್ಟು ಹೋಗುತ್ತಾಳೆ. ನಾನು ಹಗಲೆಲ್ಲ ಮನೆಯಲ್ಲೇ ಯಾಕಿದ್ದೇನೆ ಎಂದು ಮಾತ್ರ ಕೇಳಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹೊರಗೆ ನಿಲ್ಲುವಾಗ ಕಿವಿ ಮುಚ್ಚಿಕೋ.

ನಿನ್ನ,
ಯಾಮಿನಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ರಜೆ ಹಾಕಿದ್ದೇನೆ ಎಂದದ್ದು ಸುಳ್ಳು. ಹೋದ ತಿಂಗಳೇ ನನ್ನ ಕೆಲಸ ಹೋಯಿತು. ಬೇರೆ ಕಡೆ ಎಲ್ಲೂ ಆಗುತ್ತಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ನಾನು ಈ ದೇಶ ಬಿಡಬೇಕು. ಬೆಂಗಳೂರಿಗೆ ಹೋಗೋಣ ಎಂದರೆ ತನ್ಮಯಿ ಅಪ್ಪನಿಂದ ಇನ್ನೂ ದೂರ ಹೋಗುವುದಿಲ್ಲ ಎಂದು ಬಾಗಿಲು ಹಾಕಿಕೊಂಡಳು. ಉಳಿದಿರುವುದು ನಿನ್ನ ಮನೆಯೊಂದೇ. ಬರುವುದಿಲ್ಲ ಎಂದು ಒಂದು ಸಲವಾದರೂ ಹೇಳಿ ನೋಡಬೇಕು ಅನ್ನಿಸಿತು, ಅದಕ್ಕೆ ಇಷ್ಟೆಲ್ಲ ಬರೆದೆ. ನೀನು ಸ್ಪಾನ್ಸರ್ ಮಾಡಿದರೂ ಕಾಗದಪತ್ರ ಆಗುವವರೆಗೆ ನಾನು ಅಲ್ಲಿ ತಾತ್ಕಾಲಿಕದವಳೇ, ಅದನ್ನು ನಿನ್ನ ಜನಕ್ಕೆ ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು. ಇದನ್ನೆಲ್ಲ ಓದಿ ಸಿಟ್ಟು ಬಂದಿದ್ದರೆ ಬೈದುಬಿಡು, ಕೇಳಿಸಿಕೊಳ್ಳುತ್ತೇನೆ. ಬರಬೇಡಿ ಎಂದು ಮಾತ್ರ ಅನ್ನಬೇಡ.