ತಾರೀಖನಿಗೆ ಬಂದ ಬೋನಸ್

ಬೆಟಗೇರಿ
೧೮ ಆಗಸ್ಟ್ ೨೦೨೪

ಪ್ರೀತಿಯ ತಾರೀಖ,

ಸಲಾಂ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರಿಸಲು ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಮನಸ್ಸಿರಲಿಲ್ಲ. ಸಿಟ್ಟಾಗಬೇಡ.

ಮನೆಯಲ್ಲಿ ಎಲ್ಲರೂ ಕ್ಷೇಮ. ಅಪ್ಪ ಮೊಣಕಾಲು ನೋವೆಂದು ಮಗ್ಗ ಬಿಟ್ಟಿದ್ದಾರೆ. ನಾನು ಗದಗಿನ ಖಾಸಗಿ ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ರೋಗಿಗಳಿಗೆ ಅರಿವಳಿಕೆ ಕೊಡುತ್ತೇನೆ. ಸೈನ್ಯದಲ್ಲಿ ನಾವಿಬ್ಬರೂ ಮಾಡುತ್ತಿದ್ದ ಕೆಲಸವೇ. ಸಂಬಳ ಮಾತ್ರ ಹೆಚ್ಚು. ಅದಕ್ಕೇ ಅಲ್ಲವೇ ಹೋದ ವರ್ಷ ನಾನು ರಾಜೀನಾಮೆ ಕೊಟ್ಟು ಬಂದದ್ದು?

ಹೋದ ವಾರ ನಿನ್ನ ತಾಯಿ, ಮಾಸುಮಬಿ ಖಾಲಾ, ಬೆಳ್ಳಟ್ಟಿಯಿಂದ ಪೇಢೆ ಹಿಡಿದುಕೊಂಡು ಆಸ್ಪತ್ರೆಗೇ ಬಂದಿದ್ದರು. ನರ್ಸುಗಳಿಗೆಲ್ಲ ಹಂಚುತ್ತ, “ನಮ್ಮ ತಾರೀಖಗ ಮಿಲ್ಟ್ರ್ಯಾಗ ಬೋನಸ್ ಕೊಡ್ತಾರಂತ. ದೊಡ್ಡ ಡಾಕ್ಟರೆಲ್ಲಾ ಬಿಟ್ಟು ಹೊಂಟಾರಂತ, ಅದಕ್ಕ ಇನ್ನಾ ಐದು ವರ್ಷ ಇರೋರಿಗೆ ಕೊಡ್ತಾರಂತ” ಎಂದರು.

ಪೇಢೆ ನನ್ನ ಕೈಯಲ್ಲೇ ಉಳಿಯಿತು. ನಾನು ಬಿಟ್ಟು ಬಂದ ಎಂಟೇ ತಿಂಗಳಿಗೆ ಈ ಬೋನಸ್! ಹೊಟ್ಟೆ ಉರಿಯಿತು ತಾರೀಖ, ಮುಚ್ಚಿಡುವುದಿಲ್ಲ. ಎಲ್ಲರೆದುರಿಗೇ ಅಂದುಬಿಟ್ಟೆ: “ರೊಕ್ಕಕ್ಕ ಉಳದಾನ ಬಿಡ್ರಿ ಖಾಲಾ. ಕೊಡದಿದ್ರ ಅವನೂ ಓಡಿ ಬರ್ತಿದ್ದ.”

ಅವರ ಮುಖ ಸಣ್ಣದಾಯಿತು. “ಹಂಗ ಅನಬ್ಯಾಡಪ್ಪ ಪ್ರಲ್ಹಾದ. ಬಿಡ್ತೀನಿ ಅಂತ ಅವನೂ ಕಾಗದ ಬರದಿದ್ದ. ಅವನ ಸಾಹೇಬ್ರು ಮನೀಗೆ ಬಂದು, ‘ನೀ ಹೋದ್ರ ಗಾಯ ಆದ ಹುಡುಗರನ್ನ ಯಾರ ಕೈಯಾಗ ಕೊಡ್ಲಿ?’ ಅಂದ್ರಂತ. ಅವತ್ತ ಕಾಗದ ಹರದು ಒಗದ. ಬೋನಸ್ ಖಬರ ಬಂದದ್ದು ಆಮ್ಯಾಲೆ” ಎಂದು ಮೆಲ್ಲಗೆ ಹೇಳಿದರು. ಚಹಾ ಕೂಡ ಕುಡಿಯದೆ ಬಸ್ಸಿಗೆ ಹೋದರು.

ಮರುದಿನವೇ ಬೆಳ್ಳಟ್ಟಿಗೆ ಹೋಗಿ ತಪ್ಪಾಯಿತು ಎಂದೆ. “ಊಟ ಆಗೇತೇನು?” ಎಂದಷ್ಟೇ ಕೇಳಿ, ಬಿಸಿ ರೊಟ್ಟಿ ಬಡಿದು ಹಾಕಿದರು. ಈಗ ನಿನ್ನ ಕ್ಷಮೆ ಕೇಳುತ್ತಿದ್ದೇನೆ.

ನಿನ್ನ ಕೈಗುಣ ಹೀಗೇ ಇರಲಿ. ಮಗಳು ಫಿಜಾಳಿಗೆ ನನ್ನ ಆಶೀರ್ವಾದ.

ನಿನ್ನ,
ಪ್ರಲ್ಹಾದ

ತಾ.ಕ.: ಬಿಡಬೇಡ ಎಂದು ನನ್ನನ್ನೂ ಮೂರು ಸಲ ಕರೆದು ಬೇಡಿಕೊಂಡರು, ನಾನೇ ಒಪ್ಪಲಿಲ್ಲ ಎಂದು ಊರಿಗೆಲ್ಲ ಹೇಳಿದ್ದೇನೆ, ನಿನಗೂ. ಅದು ಸುಳ್ಳು. ನನ್ನ ರಾಜೀನಾಮೆಗೆ ನನ್ನ ಸಾಹೇಬರು ತಲೆಯೆತ್ತದೆ ಸಹಿ ಹಾಕಿದರು. ಕ್ವಾರ್ಟರ್ಸಿನ ಕೀಲಿ ಒಪ್ಪಿಸಿದ್ದೀಯಾ ಎಂದು ಕೇಳಿದರು. ಬಾಗಿಲವರೆಗೆ ನಾನು ಬಹಳ ನಿಧಾನವಾಗಿ ನಡೆದೆ, ತಾರೀಖ. ಹಿಂದಿನಿಂದ ಇರು ಅಂದಾರೇನೋ ಎಂದು.